ಕಡ್ಡಾಯವಲ್ಲದ ಅಂಕಪಟ್ಟಿ

"ಇಷ್ಟವಿದ್ದರೆ ಕೊಡಿ, ಕಡ್ಡಾಯವೇನಿಲ್ಲ" ಎಂದು ಯಾರಾದರೂ ಹೇಳಿದರೆ ನನಗೆ ಒಳಗೊಳಗೇ ನಡುಕ ಶುರುವಾಗುತ್ತದೆ. ಕೊಡಲೇಬೇಕು ಅಂದರೆ ಕೊಟ್ಟು ಕೈತೊಳೆದುಕೊಳ್ಳಬಹುದು. ಬೇಡವೇ ಬೇಡ ಅಂದರೆ ಇನ್ನೂ ನೆಮ್ಮದಿ. ಈ ಎರಡರ ನಡುವಿನದೇ ಕಷ್ಟ. ಮದುವೆ ಕಾಗದಗಳಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಅಚ್ಚು ಹಾಕಿಸಿರುತ್ತಾರಲ್ಲ, ಅದನ್ನು ನಂಬಿ ಒಮ್ಮೆ ಬರಿಗೈಯಲ್ಲಿ ಹೋಗಿ ನೋಡಿ. ಸಾಲಿನಲ್ಲಿ ನಿಮ್ಮ ಮುಂದಿನವರೂ ಹಿಂದಿನವರೂ ಕವರು ಹಿಡಿದು ನಿಂತಿರುತ್ತಾರೆ. ನೀವು ಮಾತ್ರ ಕೈ ಎಲ್ಲಿಡಬೇಕೆಂದು ತಿಳಿಯದೆ ಮದುಮಗನ ಕೈಯನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕುಲುಕುತ್ತೀರಿ. ನಾನು ಹಾಗೆ ಕುಲುಕಿದವನು. ಆ ಹುಡುಗ ಕೊನೆಗೆ "ಊಟ ಮಾಡ್ಕೊಂಡೇ ಹೋಗ್ಬೇಕು ಅಂಕಲ್" ಎಂದು ನಯವಾಗಿ ಕೈ ಬಿಡಿಸಿಕೊಂಡ. ಅಂದಿನಿಂದ, ಕಡ್ಡಾಯವಲ್ಲ ಎಂದು ಬರೆದಿದ್ದರೆ ಅದು ಕಡ್ಡಾಯ ಎಂದೇ ತಿಳಿದು ಬದುಕುತ್ತಿದ್ದೇನೆ.

ಇದಕ್ಕೆ ನನ್ನ ನೌಕರಿಯೂ ಕಾರಣ. ನಾನು ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಗುಮಾಸ್ತ. ಹೊರಗಿನಿಂದ ಬರುವ ಅರ್ಜಿಗಳನ್ನು ತೆಗೆದುಕೊಂಡು, ಮೊಹರು ಒತ್ತಿ, ಒಳಗೆ ಕಳಿಸುವುದು ನನ್ನ ಕೆಲಸ. ಅರ್ಜಿಯ ಜೊತೆ ಲಗತ್ತಿಸುವ ಕಾಗದಗಳಿಗೆ ನಮ್ಮಲ್ಲಿ 'ಅಡಕ' ಎನ್ನುತ್ತಾರೆ. ಅಡಕ ಕಡಿಮೆ ಇದೆ ಎಂದು ವಾಪಸ್ಸು ಹೋದ ಅರ್ಜಿಗಳು ಎಷ್ಟೋ. ಹೆಚ್ಚಾಯಿತೆಂದು ಒಂದೂ ವಾಪಸ್ಸು ಹೋದದ್ದನ್ನು ನಾನು ಕಂಡಿಲ್ಲ. ಹೀಗಾಗಿ ಗ್ಯಾಸ್ ಸಿಲಿಂಡರಿನ ಹೆಸರು ಬದಲಾಯಿಸುವ ಅರ್ಜಿಗೂ ನಾನು ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಲಗತ್ತಿಸಿದ್ದೆ. ಕೌಂಟರಿನ ಹುಡುಗಿ ಅದನ್ನು ನೋಡಿ, ನನ್ನನ್ನು ನೋಡಿ, "ಸೈನ್ಸಲ್ಲಿ ಕಮ್ಮಿ ಬಂದಿದೆಯಲ್ಲ ಸಾರ್" ಅಂದಳು. ಕೆಲಸವೇನೋ ಆಯಿತು.

ಇಂಥವನ ಮನೆಗೆ ಹೋದ ವರ್ಷ ಒಂದು ಕಾಲೇಜಿನ ಅರ್ಜಿ ಬಂತು. ನನ್ನ ಮಗಳು ಸಿಂಚನಾ ಆಗ ಎರಡನೇ ಪಿಯುಸಿ. ಪಿಯುಸಿ ಆದ ಮೇಲೆ ಸಿಇಟಿ ಬರೆಯುವುದು, ರ‍್ಯಾಂಕು ಯಾವ ಬಾಗಿಲು ತೋರಿಸುತ್ತದೋ ಆ ಬಾಗಿಲಿಗೆ ಹೋಗಿ ನಿಲ್ಲುವುದು, ಇಷ್ಟೇ ನಮಗೆ ಗೊತ್ತಿದ್ದ ದಾರಿ. ಸಿಂಚನಾ ಬೇರೊಂದು ದಾರಿ ಹುಡುಕಿಕೊಂಡಿದ್ದಳು. ಊರಿನ ಪೂರ್ವದ ಅಂಚಿನಲ್ಲಿ ಒಂದು ಖಾಸಗಿ ಕಾಲೇಜಂತೆ. ಅಲ್ಲಿ ಸಸ್ಯಶಾಸ್ತ್ರವನ್ನೂ ಅರ್ಥಶಾಸ್ತ್ರವನ್ನೂ ಜೊತೆಜೊತೆಗೆ ಓದಿಸುತ್ತಾರಂತೆ. ನಮ್ಮ ಮನೆ ವಿಜಯನಗರದಲ್ಲಿ, ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ. ನಮಗೆ ಮೆಜೆಸ್ಟಿಕ್ ದಾಟಿದರೆ ಪ್ರಯಾಣ, ಇಂದಿರಾನಗರ ದಾಟಿದರೆ ಪ್ರವಾಸ. ಅದರಾಚೆಗಿನ ಕಾಲೇಜು ಅಂದಾಗ ನಮ್ಮಮ್ಮ "ಗಿಡಾನೂ ದುಡ್ಡೂ ಒಟ್ಟಿಗೆ ಓದೋದು ಅಂದ್ರೇನೇ? ತೆಂಗಿನ ತೋಟ ಮಾಡ್ತೀಯಾ?" ಎಂದು ಕೇಳಿದರು. ಸಿಂಚನಾ ನಗಲಿಲ್ಲ. ಆ ಹುಡುಗಿಗೆ ಬೇರೆ ಯಾವ ಸೀಟೂ ಬೇಡವಾಗಿತ್ತು. ರಾತ್ರಿ ಊಟದ ಹೊತ್ತಿಗೂ ಅದೇ ಮಾತು, ಮಲಗಿದ ಮೇಲೂ ಅದೇ ಕನಸು. ಆದರೆ ಅಲ್ಲಿ ಅರ್ಜಿ ಹಾಕುವವರು ಜಾತ್ರೆಯಷ್ಟು, ಸೀಟು ಹಿಡಿಯಷ್ಟು. ಪಿಯುಸಿ ಅಂಕದ ಜೊತೆಗೆ ಎಸ್‌ಎಟಿ ಎನ್ನುವ ಅಮೆರಿಕದ ಪರೀಕ್ಷೆಯ ಅಂಕವನ್ನೂ ಕಳಿಸಬಹುದು ಎಂದು ಅವರು ಹೇಳಿದ್ದರು. ಕಳಿಸಬಹುದು, ಕಡ್ಡಾಯವಲ್ಲ.

ಸರಿ, ಕಡ್ಡಾಯ ಎಂದು ತಿಳಿದು ಬರೆಸಿದೆ. ಫಲಿತಾಂಶ ಬಂದ ಸಂಜೆ ಸಿಂಚನಾ ಕಂಪ್ಯೂಟರ್ ಮುಂದೆ ಕೂತಿದ್ದವಳು ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಪರದೆ ನೋಡಿದೆ. ಸಾವಿರದ ನೂರ ತೊಂಬತ್ತು! ಇನ್ನೊಮ್ಮೆ ಓದಿದೆ. ಎಸ್ಸೆಸ್ಸೆಲ್ಸಿಗೆ ಇರುವುದೇ ಆರುನೂರ ಇಪ್ಪತ್ತೈದು, ಪಿಯುಸಿಗೆ ಆರುನೂರು. ನಮ್ಮ ಮನೆತನದಲ್ಲಿ ಇಂದಿನವರೆಗೆ ನಾಲ್ಕಂಕಿಯ ಮಾರ್ಕ್ಸು ತೆಗೆದವರಿಲ್ಲ. ಮಗು ಸಂತೋಷ ತಡೆಯಲಾರದೆ ಒಳಗೆ ಹೋಗಿದ್ದಾಳೆ, ಅತ್ತುಕೊಳ್ಳಲಿ ಎಂದು ಸುಮ್ಮನಾದೆ. ನನ್ನ ಹೆಂಡತಿ ಗಿರಿಜಾ ಸೀರೆಗೆ ಫಾಲ್ಸ್ ಹಾಕಿಕೊಡುತ್ತಾಳೆ. ಅವತ್ತು ಬಟ್ಟೆ ತರಲು ಹೊರಗೆ ಹೋಗಿದ್ದಳು. ಇದ್ದಿದ್ದರೆ ತಡೆಯುತ್ತಿದ್ದಳು. ನಾನು ಚಪ್ಪಲಿ ಮೆಟ್ಟಿ ಹೋದವನೇ ಮೈಸೂರು ಪಾಕು ತಂದು ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಹಂಚಿದೆ. ಕೊಟ್ಟ ಕಡೆಯೆಲ್ಲ ಅಂಕವನ್ನೂ ಹೇಳಿದೆ. ಎರಡು ಮೂರು ಮನೆಗಳಲ್ಲಿ "ಏನು, ಸಾವಿರ ದಾಟಿದೆಯಾ?" ಎಂದು ಕೇಳಿ ಕೆನ್ನೆ ಬಡಿದುಕೊಂಡರು.

ಪಕ್ಕದ ಮನೆಯ ಜಯಮ್ಮನವರು ಮೈಸೂರು ಪಾಕು ಬಾಯಿಗಿಟ್ಟುಕೊಂಡೇ ನಮ್ಮ ಕಿಟಕಿಯ ಹತ್ತಿರ ಬಂದು "ಸಿಂಚೂ, ಸಾವಿರದ ನೂರ ತೊಂಬತ್ತಂತಲ್ಲೇ! ನಿನ್ನ ಹೊಟ್ಟೆ ತಣ್ಣಗಿರ‍್ಲಿ" ಎಂದು ಕೂಗಿದರು. ಒಳಗಿನಿಂದ ಬಾಗಿಲು ತೆರೆದ ಸದ್ದಾಯಿತು. "ಅಪ್ಪಾ! ಯಾರಿಗೆಲ್ಲ ಹೇಳ್ದೆ? ಅದು ಸಾವಿರದ ಆರುನೂರಕ್ಕೆ ಅಪ್ಪಾ! ಆ ಕಾಲೇಜಿಗೆ ಇದು ಸಾಕಾಗಲ್ಲ!" ಎಂದು ಸಿಂಚನಾ ಅಳುತ್ತಾ ಕಿರುಚಿದಳು. ನನ್ನ ಕೈಯಲ್ಲಿ ಖಾಲಿ ಡಬ್ಬಿ. ಕಿಟಕಿಯಾಚೆ ಜಯಮ್ಮನವರು ಬಾಯಲ್ಲಿದ್ದುದನ್ನು ನುಂಗಿ, "ಸಾವಿರ ಅಂದ್ರೆ ಸಾವಿರಾನೇ ಅಲ್ವೇನಮ್ಮ" ಎಂದು ಮೆಲ್ಲಗೆ ಅಂದರು. ಕೊಟ್ಟ ಮೈಸೂರು ಪಾಕನ್ನು ವಾಪಸ್ಸು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅಂದಿನಿಂದ ಸಿಂಚನಾ ಮೆಟ್ರೋಗೆ ಹೋಗುವಾಗ ನಮ್ಮ ರಸ್ತೆ ಬಿಟ್ಟು ಪಕ್ಕದ ರಸ್ತೆ ಸುತ್ತಿಕೊಂಡು ಹೋಗತೊಡಗಿದಳು. ನನ್ನ ಜೊತೆ ಮಾತು ಬೇಕಾದಷ್ಟಕ್ಕೆ ಮಾತ್ರ.

ಇಲ್ಲಿ ನಮ್ಮ ರಸ್ತೆಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಬೇರೆ ಕಡೆಯಾಗಿದ್ದರೆ ನನ್ನ ಪೆದ್ದುತನವನ್ನು ವರ್ಷಗಟ್ಟಲೆ ಆಡಿಕೊಂಡು ನಗುತ್ತಿದ್ದರು. ನಮ್ಮವರೂ ನಕ್ಕಿರಬಹುದು, ಆದರೆ ಅವರವರ ಮನೆಯ ಬಾಗಿಲು ಹಾಕಿಕೊಂಡು ನಕ್ಕರು. ಮರುದಿನ ಜಯಮ್ಮನವರು, ನಾನು ಸಿಹಿ ಹಾಕಿಕೊಟ್ಟಿದ್ದ ನಮ್ಮ ಬಟ್ಟಲು ವಾಪಸ್ಸು ತಂದರು. ಖಾಲಿ ಪಾತ್ರೆ ವಾಪಸ್ಸು ಕೊಡಬಾರದಲ್ಲ, ಅದರ ತುಂಬ ಕೋಡುಬಳೆ. "ಅಣ್ಣಾ, ಮಗು ಇನ್ನೊಂದು ಸಲ ಬರೀತಾಳಂತೆ, ಗಿರಿಜಾ ಹೇಳಿದ್ಲು. ನಿಮ್ಮನೇಲಿ ಓದೋಕಾಗುತ್ತಾ? ಒಂದು ಕಡೆ ಹೊಲಿಗೆ ಮಿಷನ್ನು, ಇನ್ನೊಂದು ಕಡೆ ನಿಮ್ಮಮ್ಮನ ಸೀರಿಯಲ್ಲು. ನಮ್ಮ ಮೇಲಿನ ರೂಮು ಖಾಲಿ ಇದೆ, ಅಲ್ಲೇ ಕೂತ್ಕೊಳ್ಲಿ" ಅಂದರು. ಆ ರೂಮಿನ ಬಾಡಿಗೆಯವರು ಆಗಷ್ಟೇ ಬಿಟ್ಟುಹೋಗಿದ್ದರು. ಗೇಟಿಗೆ ಟು-ಲೆಟ್ ಬೋರ್ಡು ತೂಗಿತ್ತು. ನಾನು ಸಂಕೋಚದಿಂದ ಬೋರ್ಡಿನ ಕಡೆ ನೋಡಿದೆ. ಜಯಮ್ಮನವರು ಹೋಗುವಾಗ ಅದನ್ನು ಬಿಚ್ಚಿ ಸೆರಗಿನಿಂದ ಧೂಳು ಒರೆಸಿ ಒಳಗೆ ತೆಗೆದುಕೊಂಡು ಹೋದರು. "ಬಾಡಿಗೆಯವ್ರು ಎಲ್ಲಿಗೆ ಓಡೋಗ್ತಾರೆ ಬಿಡಣ್ಣ" ಎಂದು ಒಳಗಿನಿಂದಲೇ ಹೇಳಿದರು. ಸಿಂಚನಾ ಎರಡನೇ ಸಲ ಬರೆಯುವವರೆಗೂ ಆ ಬೋರ್ಡು ಹೊರಗೆ ಬರಲಿಲ್ಲ. ಈ ಋಣವನ್ನು ನಾನು ಯಾವ ಜನ್ಮದಲ್ಲಿ ತೀರಿಸುತ್ತೇನೋ ಗೊತ್ತಿಲ್ಲ.

ಎರಡನೇ ಸಲ ಸಾವಿರದ ಮುನ್ನೂರು ಬಂತು. ಈ ಸಲ ನಾನು ಜಾಗದಿಂದ ಏಳಲಿಲ್ಲ. "ಇದು ಒಳ್ಳೇದಾ, ಕೆಟ್ಟದ್ದಾ?" ಎಂದು ಕೂತಲ್ಲಿಂದಲೇ ವಿಚಾರಿಸಿದೆ. "ಪರವಾಗಿಲ್ಲ" ಅಂದಳು ಸಿಂಚನಾ. ಆ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಎಂಟುನೂರು, ಗಣಿತಕ್ಕೆ ಎಂಟುನೂರು. ಮೊದಲ ಸಲ ಇಂಗ್ಲಿಷು ಕೈಕೊಟ್ಟು ಐನೂರ ಇಪ್ಪತ್ತಕ್ಕೆ ನಿಂತಿತ್ತು, ಗಣಿತ ಆರುನೂರ ಎಪ್ಪತ್ತು. ಎರಡನೇ ಸಲ ಇಂಗ್ಲಿಷು ಉಜ್ಜಿ ಉಜ್ಜಿ ಆರುನೂರ ತೊಂಬತ್ತು ಮಾಡಿಕೊಂಡಳು. ಅಷ್ಟರಲ್ಲಿ ಅತ್ತ ಗಣಿತ ಆರುನೂರ ಹತ್ತಕ್ಕೆ ಇಳಿದಿತ್ತು. ಒಂದು ಕಡೆ ಹಾಲು ಕಾಯಿಸಲು ನಿಂತರೆ ಇನ್ನೊಂದು ಕಡೆ ಪಲ್ಯ ತಳ ಹಿಡಿಯುತ್ತದಲ್ಲ, ಹಾಗೆ. ಈಗ ಪ್ರಶ್ನೆ, ಯಾವುದನ್ನು ಕಳಿಸುವುದು? ಎರಡನ್ನೂ ಕಳಿಸಬಹುದು, ಒಂದನ್ನೇ ಕಳಿಸಬಹುದು, ಯಾವುದನ್ನೂ ಕಳಿಸದೆಯೂ ಇರಬಹುದು. ಎಲ್ಲ ನಮ್ಮ ಇಷ್ಟ.

ಭಾನುವಾರ ಬೆಳಿಗ್ಗೆ ದೋಸೆ ಮುಗಿದ ಮೇಲೆ ಮನೆಯಲ್ಲಿ ಸಭೆ ಸೇರಿತು. ಸಿಂಚನಾ ಮೊದಲೇ ತೀರ್ಮಾನ ಮಾಡಿಕೊಂಡು ಬಂದಿದ್ದಳು. "ಎರಡನೇದು ಮಾತ್ರ ಕಳ್ಸೋದು. ಮೊದಲನೇದು ಇತ್ತು ಅನ್ನೋದೇ ಅವರಿಗೆ ಗೊತ್ತಾಗ್ಬಾರ್ದು." ನಾನು ಗಂಟಲು ಸರಿಮಾಡಿಕೊಂಡೆ. "ನೋಡಮ್ಮಾ, ಇರೋ ದಾಖಲೆ ಮುಚ್ಚಿಡೋದು ಅಂದ್ರೆ ನಾಳೆ ಯಾರಾದ್ರೂ ಕೇಳಿದ್ರೆ..." ಎಂದು ಶುರುಮಾಡಿದೆ. "ಇದು ನಿನ್ನ ಆಫೀಸಲ್ಲ ಅಪ್ಪಾ" ಎಂದು ಮಗಳು ತಡೆದಳು. ನಮ್ಮಮ್ಮ ಅವಳ ಪಕ್ಷ. "ಹೆಣ್ಣು ನೋಡೋಕೆ ಬಂದವ್ರ ಮುಂದೆ ಹುಡುಗಿಗೆ ಬಾಡಿದ ಹೂ ಮುಡಿಸಿ ಕೂರಿಸ್ತೀವೇನೋ? ಚೆನ್ನಾಗಿರೋದನ್ನ ತೋರ‍್ಸೋ" ಅಂದರು. ನಾನು ಗಿರಿಜಾಳ ಮುಖ ನೋಡಿದೆ. ಅವಳು ದೋಸೆ ಹಂಚು ತಿಕ್ಕುತ್ತಾ, "ಪರೀಕ್ಷೆ ಬರ್ದಿರೋದು ಅವಳು, ಅವಳು ಹೇಳಿದ ಹಾಗೆ ಮಾಡಿ" ಅಂದಳು. ಮೂರು ಮತ ಒಂದು ಕಡೆ, ನಾನೊಬ್ಬ ಒಂದು ಕಡೆ. ಸೋತವನ ಸಮಾಧಾನಕ್ಕಿರಲಿ ಎಂದು, ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿಕೊಡುವ ಕೆಲಸವನ್ನು ನನಗೆ ವಹಿಸಿದರು. ಸ್ಕ್ಯಾನಿಂಗಿನಲ್ಲಿ ನನ್ನ ಕೈ ಪಳಗಿದ್ದು ಎಂಬ ಹೆಮ್ಮೆ ನನಗೆ ಮೊದಲಿನಿಂದಲೂ ಇದೆ.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ನಾನು ಬೇಕೆಂದು ಮಾಡಲಿಲ್ಲ, ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಕಾಗದಗಳನ್ನು ಮುಂದಿಟ್ಟುಕೊಂಡು ಕೂತ ಮೇಲೆ ತಲೆ ತನ್ನ ಪಾಡಿಗೆ ಆಫೀಸಿಗೆ ಹೊರಟುಹೋಯಿತು, ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಎಸ್ಸೆಸ್ಸೆಲ್ಸಿ, ಪಿಯುಸಿ ಮೊದಲ ವರ್ಷ, ಎಸ್‌ಎಟಿ, ಇನ್ನೊಂದು ಎಸ್‌ಎಟಿ, ಗುರುತಿನ ಚೀಟಿ, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ, ಪ್ರತಿ ಹಾಳೆಯ ಬಲ ಮೂಲೆಯಲ್ಲಿ 'ಅಡಕ' ಎಂದು ಬರೆದು ಸಂಖ್ಯೆ ಹಾಕಿ ಒಂದೇ ಫೈಲು ಮಾಡಿದೆ. ಕೊನೆಗೆ, ತಾರೀಖಿಲ್ಲದ್ದರಿಂದ, ಚಿತ್ರಕಲಾ ಸ್ಪರ್ಧೆಯಲ್ಲಿ ಅವಳಿಗೆ ಯುಕೆಜಿಯಲ್ಲಿ ಬಂದ ಸಮಾಧಾನಕರ ಬಹುಮಾನದ ಸರ್ಟಿಫಿಕೇಟೂ ಇತ್ತು. ಸಿಂಚನಾ ಪ್ರಾಕ್ಟಿಕಲ್ ಪರೀಕ್ಷೆಯ ಗಡಿಬಿಡಿಯಲ್ಲಿದ್ದಳು. ಫೈಲು ತೆರೆದು ನೋಡದೆ, ಅಪ್ಪನ ಕೆಲಸ ಅಚ್ಚುಕಟ್ಟು ಎಂದು ನಂಬಿ ಕಳಿಸಿಬಿಟ್ಟಳು.

ಮರುದಿನ ಕಾಲೇಜಿನಿಂದ 'ನಿಮ್ಮ ಅರ್ಜಿ ತಲುಪಿದೆ' ಎಂಬ ಮೇಲ್ ಬಂತು, ಜೊತೆಗೆ ನಾವು ಕಳಿಸಿದ್ದರ ನಕಲು. ಸಿಂಚನಾ ಅದನ್ನು ತೆರೆದು ನೋಡಿದಳು. ಈ ಸಲ ಕಿರುಚಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. "ಅಪ್ಪಾ, ರಸ್ತೆಯವರ ಮುಂದೆ ಮರ್ಯಾದೆ ಹೋಗಿದ್ದು ಸಾಕಾಗಲಿಲ್ವಾ? ಅಲ್ಲೂ ಹೋಯ್ತು" ಎಂದು ಸಣ್ಣ ದನಿಯಲ್ಲಿ ಹೇಳಿ ಟೇಬಲ್ಲಿನ ಮೇಲೆ ತಲೆಯಿಟ್ಟಳು. ನಮ್ಮಮ್ಮ ಟಿವಿ ಆರಿಸಿದರು. ಗಿರಿಜಾ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ, ಮದುವೆಯಾದವರಿಗೆ ಗೊತ್ತಿರುತ್ತದೆ. ನಾನು ಇಷ್ಟು ವರ್ಷ ಎಷ್ಟೋ ಜನರ ಅರ್ಜಿಗಳನ್ನು ಸರಿಮಾಡಿ ಕೊಟ್ಟಿದ್ದೇನೆ. ಮಗಳದ್ದನ್ನೇ ಕೆಡಿಸಿದೆನಲ್ಲ.

ಕೊನೆಗೆ ಆ ಕಾಲೇಜಿಗೆ ಫೋನ್ ಮಾಡಿದೆ. ಎಲ್ಲರಿಗೂ ಕೇಳಲಿ ಎಂದು ಗಿರಿಜಾ ಸ್ಪೀಕರ್ ಹಾಕಿಸಿದಳು, ನನ್ನೊಬ್ಬನನ್ನು ನಂಬುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ನನಗಂತೂ ಆಸೆಯಿರಲಿಲ್ಲ. ಒಳಬಂದು ಮೊಹರು ಬಿದ್ದ ಕಾಗದ ಹೊರಗೆ ಹೋಗುವುದಿಲ್ಲ ಎಂದು ನಾನೇ ಎಷ್ಟು ಜನರಿಗೆ ಮುಖ ಗಂಟಿಕ್ಕಿ ಹೇಳಿಲ್ಲ! ಆ ತುದಿಯಲ್ಲೂ ನನ್ನಂಥವನೇ ಒಬ್ಬ ಕೂತಿರುತ್ತಾನೆ ಎಂದು ಮೈಯೆಲ್ಲ ಹಿಡಿಮಾಡಿಕೊಂಡು ಇಂಗ್ಲಿಷಿನಲ್ಲಿ ಶುರುಮಾಡಿದೆ. ಎರಡನೇ ವಾಕ್ಯಕ್ಕೇ ಇಂಗ್ಲಿಷು ಮುಗಿಯಿತು. ಆ ಕಡೆಯ ಹೆಣ್ಣುದನಿ, "ಕನ್ನಡದಲ್ಲೇ ಹೇಳಿ ಸಾರ್. ವಿಜಯನಗರಾನಾ? ನಮ್ಮದು ಅಲ್ಲೇ ಹತ್ತಿರ, ಸುಂಕದಕಟ್ಟೆ" ಅಂದಿತು. ನನಗೆ ಆ ಕ್ಷಣದಲ್ಲಿ ತವರಿನವರು ಸಿಕ್ಕಂತಾಯಿತು. ಎಲ್ಲ ಹೇಳಿಕೊಂಡೆ.

ಆಕೆ ನಮ್ಮ ಫೈಲು ತೆರೆದಳು. ಆಮೇಲೆ ನಗು ತಡೆದುಕೊಂಡ ಸದ್ದು. ಯುಕೆಜಿ ಸರ್ಟಿಫಿಕೇಟಿನ ಹತ್ತಿರ ಹೋಗಿರಬೇಕು. "ತೆಗೀಬೇಕು ಅಂದ್ರೆ ತೆಗೀಬಹುದು ಸಾರ್, ಇನ್ನೂ ಟೈಮಿದೆ. ಆದ್ರೆ ಯಾಕೆ ತೆಗೀತೀರಾ? ಎರಡು ಸಲ ಬರೆದಿದ್ರೆ ನಾವು ಎರಡನ್ನೂ ನೋಡಿ, ಇಂಗ್ಲಿಷು ಯಾವುದ್ರಲ್ಲಿ ಜಾಸ್ತಿ ಇದೆಯೋ ಅದನ್ನ ತಗೋತೀವಿ, ಮ್ಯಾಥ್ಸು ಯಾವುದ್ರಲ್ಲಿ ಜಾಸ್ತಿ ಇದೆಯೋ ಅದನ್ನ ತಗೋತೀವಿ. ಕಮ್ಮಿ ಇರೋದನ್ನ ಲೆಕ್ಕಕ್ಕೇ ಇಡಲ್ಲ. ನಿಯಮಗಳ ಕೆಳಗಡೆ ಬರ್ದಿದೀವಲ್ಲ, ನೋಡ್ಲಿಲ್ವಾ?" ನೋಡಿರಲಿಲ್ಲ. ನಾನು 'ಕಡ್ಡಾಯವಲ್ಲ' ಎಂಬಲ್ಲಿಗೇ ಬೆವರಿ ನಿಂತಿದ್ದೆ. ಸಿಂಚನಾ ಮೊದಲನೆಯದನ್ನು ಮುಚ್ಚಿಡಬೇಕೆಂದು ಎಷ್ಟು ಗಟ್ಟಿಯಾಗಿ ತೀರ್ಮಾನಿಸಿದ್ದಳೆಂದರೆ ಅವಳೂ ಕೆಳಗಿನವರೆಗೆ ಓದಿರಲಿಲ್ಲ. ಸಿಂಚನಾ ತಲೆಯೆತ್ತಿದಳು. "ಮಗಳು ಅಲ್ಲೇ ಇದ್ದಾಳಾ ಸಾರ್?" ಎಂದು ಫೋನಿನಾಕೆ ಕೇಳಿದಳು. ಇದ್ದಾಳೆ ಅಂದೆ. "ಹೇಳಮ್ಮಾ, ನಿನ್ನ ಅಂಕ, ನೀನೇ ಹೇಳ್ಬೇಕು. ತೆಗೀಲಾ, ಹಾಗೇ ಬಿಡ್ಲಾ?"

ಸಿಂಚನಾ ನನ್ನ ಕಡೆ ನೋಡಲಿಲ್ಲ. ಕಣ್ಣು ಒರೆಸಿಕೊಂಡು, ತುಟಿಯಲ್ಲೇ ಏನೋ ಕೂಡಿಸಿದಳು. ಆರುನೂರ ತೊಂಬತ್ತು, ಆರುನೂರ ಎಪ್ಪತ್ತು. "ಸಾವಿರದ ಮುನ್ನೂರ ಅರವತ್ತು" ಅಂದಳು. ಆಮೇಲೆ, "ಇರ‍್ಲಿ ಮೇಡಂ, ಎರಡೂ ಇರ‍್ಲಿ" ಅಂದಳು. ಫೋನ್ ಇಟ್ಟ ಮೇಲೆ ನಾನು ನಿಧಾನವಾಗಿ ಎದೆಯುಬ್ಬಿಸಿದೆ. "ನೋಡಿದ್ರಾ, ಅದಕ್ಕೇ ನಾನು ಮೊದಲಿಂದ ಹೇಳ್ತಿದ್ದೆ..." ಗಿರಿಜಾ ಕೇಳಿದಳು, "ಈ ನಿಯಮ ನಿಮಗೆ ಗೊತ್ತಿತ್ತಾ?" "ಇಲ್ಲ." "ಯೋಚನೆ ಮಾಡಿ ಹಾಕಿದ್ರಾ?" "ಇಲ್ಲ." "ಹಾಗಾದ್ರೆ ಸುಮ್ನೆ ಕಾಫಿ ಕುಡೀರಿ." ಕುಡಿದೆ. ಬಹಳ ದಿನಗಳ ಮೇಲೆ ಸಿಂಚನಾ ನನ್ನ ಪಕ್ಕದ ಕುರ್ಚಿ ಎಳೆದು ಕೂತು, ನನ್ನ ಲೋಟದಿಂದಲೇ ಒಂದು ಗುಟುಕು ಕುಡಿದಳು. ಅವತ್ತಿನ ಕಾಫಿಯ ರುಚಿ ಇನ್ನೂ ನಾಲಗೆಯಲ್ಲಿದೆ.

ಆಮೇಲೆ ಆ ನಿಯಮ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಎಷ್ಟು ಸಲ ಬರೆದರೂ ಸರಿ, ಪ್ರತಿ ಸಲದ ಒಳ್ಳೆಯದನ್ನು ಮಾತ್ರ ಆರಿಸಿ ಕೂಡಿಸುವುದು! ಎಂಥ ಉದಾರ ಲೆಕ್ಕ ಎಂದು ಆಫೀಸಿನಲ್ಲಿ ಮೊಹರು ಒತ್ತುತ್ತಾ ಯೋಚಿಸುತ್ತಿದ್ದಾಗ ಹೊಳೆಯಿತು, ನನ್ನನ್ನು ಇಷ್ಟು ವರ್ಷ ಎಲ್ಲರೂ ಈ ಲೆಕ್ಕದಲ್ಲೇ ಪಾಸು ಮಾಡಿಸಿದ್ದಾರೆ. ನಮ್ಮಮ್ಮ ನೆಂಟರ ಮುಂದೆ ನನ್ನ ಬಗ್ಗೆ ಹೇಳುವಾಗ ಕೇಳಬೇಕು. ಏಳನೇ ಕ್ಲಾಸಿನ ಗಣಿತ, ಮೊದಲ ಸಂಬಳದಲ್ಲಿ ಅವರಿಗೆ ತಂದುಕೊಟ್ಟ ಸೀರೆ, ಅವರ ಕಣ್ಣಿನ ಆಪರೇಷನ್ನಿಗೆ ನಾನು ಹಾಕಿದ ರಜೆ. ಇವುಗಳ ನಡುವಿನ ವರ್ಷಗಳೆಲ್ಲ ಎಲ್ಲಿಗೆ ಹೋಗುತ್ತವೋ, ಅವರ ಮಾತಿನಲ್ಲಿ ಮಾತ್ರ ಬರುವುದಿಲ್ಲ. ಜಯಮ್ಮನವರು ಮೈಸೂರು ಪಾಕಿನ ಕಥೆಯನ್ನು ಇನ್ನೂ ಹೇಳುತ್ತಾರೆ. ಆದರೆ "ಅಣ್ಣ ರಸ್ತೆಗೆಲ್ಲ ಸಿಹಿ ಕೊಟ್ಟ ದಿನ" ಎಂದಷ್ಟೇ ಹೇಳುತ್ತಾರೆ, ಅಂಕದ ವಿಷಯ ನುಂಗಿಬಿಡುತ್ತಾರೆ. ಇವರಲ್ಲಿ ಯಾರೊಬ್ಬರಾದರೂ ನನ್ನ ಹಾಗೆ ಎಲ್ಲ ಅಡಕಗಳನ್ನೂ ತಾರೀಖಿನ ಪ್ರಕಾರ ಜೋಡಿಸಿ ನೋಡಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ನೆನೆದು ಕಣ್ಣು ಒದ್ದೆಯಾಯಿತು. ಅರ್ಜಿ ಕೊಡಲು ಬಂದು ಎದುರಿಗೆ ನಿಂತಿದ್ದವರು ತಮ್ಮ ಕಾಗದದಲ್ಲೇ ಏನೋ ಅಂಥ ದುಃಖದ ವಿಷಯವಿದೆ ಎಂದುಕೊಂಡಿರಬೇಕು, "ಬೇಕಾದ್ರೆ ನಾಳೆ ಬರ್ತೀನಿ ಸಾರ್" ಅಂದರು. ಒಂದು ಅಡಕ ಕಡಿಮೆಯಿತ್ತು. ಪರವಾಗಿಲ್ಲ, ಆಮೇಲೆ ತಂದುಕೊಡಿ ಎಂದು ಮೊಹರು ಒತ್ತಿ ಕಳಿಸಿದೆ. ಪಕ್ಕದ ಮೇಜಿನವರು ನನಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು.

ಸಿಂಚನಾಗೆ ಸೀಟು ಸಿಕ್ಕಿತು. ಸಂದರ್ಶನದಲ್ಲಿ ಎರಡು ಅಂಕಪಟ್ಟಿಯ ವಿಷಯ ಕೇಳಿದರಂತೆ. ಅವಳು ಅಪ್ಪನ ಪ್ರತಾಪವನ್ನೆಲ್ಲ ಹೇಳಿ, ಜಯಮ್ಮ ಆಂಟಿಯ ರೂಮಿನ ವಿಷಯವನ್ನೂ ಹೇಳಿದಳಂತೆ. ಅವರು ತುಂಬ ಹೊತ್ತು ನಕ್ಕರಂತೆ. ಈಗ ದಿನಾ ಬೆಳಿಗ್ಗೆ ಮೆಟ್ರೋ ಹತ್ತಿ ಊರಿನ ಆ ತುದಿಗೆ ಹೋಗುತ್ತಾಳೆ, ನಮ್ಮ ರಸ್ತೆಯಲ್ಲೇ ನಡೆದುಕೊಂಡು.

ಸೀಟು ಬಂದ ಸಂಜೆ ಗಿರಿಜಾ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನಾನು ಮಡಚುವ ನೆಪದಲ್ಲಿ ಪಕ್ಕಕ್ಕೆ ಹೋಗಿ ನಿಂತೆ. ಮನಸ್ಸು ತುಂಬಿತ್ತು. ಆ ಕಾಲೇಜಿನ ಲೆಕ್ಕದ ಬಗ್ಗೆ, ಅಮ್ಮನ ಬಗ್ಗೆ, ಜಯಮ್ಮನವರ ಬಗ್ಗೆ ನನಗೆ ಹೊಳೆದದ್ದನ್ನೆಲ್ಲ ಹೇಳಿದೆ. ಅವಳು ಕ್ಲಿಪ್ಪು ಬಿಡಿಸುತ್ತಾ ಹೂಂಗುಟ್ಟಿದಳು. ಕೊನೆಗೆ ಧೈರ್ಯ ಮಾಡಿ ಕೇಳಿದೆ, "ಮದುವೆಯಾಗಿ ಇಷ್ಟು ವರ್ಷ ಆಯ್ತು. ಎಲ್ಲ ವರ್ಷದ ಒಳ್ಳೇದನ್ನ ಆರಿಸಿ ಕೂಡಿಸಿದ್ರೆ ನನ್ನದೆಷ್ಟು ಬರುತ್ತೆ ಗಿರಿಜಾ?"

ಅವಳು ನಾನು ಮಡಚಿಟ್ಟಿದ್ದ ಬೆಡ್‌ಶೀಟನ್ನು ಬಿಡಿಸಿ, ಕೊಡವಿ, ಸರಿಯಾಗಿ ಮಡಚಿದಳು.

"ಇನ್ನೂ ಬರೀತಾ ಇದೀರಲ್ಲ ರೀ," ಅಂದಳು, "ಬರೀರಿ. ನನಗೇನೂ ಅವಸರ ಇಲ್ಲ."